ಲಿವರ್‌ನಲ್ಲಿ ಕಂಡದ್ದೆಲ್ಲ ಲಿವರ್‌ನದಲ್ಲ

ಹೊಟ್ಟೆಯ ಸ್ಕ್ಯಾನ್ ವರದಿಯಲ್ಲಿ ‘ಲಿವರ್‌ನಲ್ಲಿ ಎಸ್‌ಒಎಲ್’ ಎಂದು ಬರೆದಿದ್ದರೆ ಅದರ ಅರ್ಥ ಇಷ್ಟೇ: ಅಲ್ಲಿ ಜಾಗ ಹಿಡಿದು ಕೂತದ್ದು ಏನೋ ಇದೆ. ಅದು ಕೀವುಗಡ್ಡೆಯೋ, ನೀರುಗುಳ್ಳೆಯೋ, ರಕ್ತನಾಳಗಳ ನಿರಪಾಯದ ಗಂಟೋ, ಕ್ಯಾನ್ಸರೋ ಎಂಬುದನ್ನು ಆ ಪದ ಹೇಳುವುದಿಲ್ಲ. ಮನೆಯವರು ಮಾತ್ರ ಅಲ್ಲಿಗೇ ‘ಲಿವರ್ ಕ್ಯಾನ್ಸರ್’ ಎಂದು ತೀರ್ಮಾನಿಸಿ ಕಣ್ಣೀರು ಹಾಕಿಕೊಂಡಾಗಿರುತ್ತದೆ. ಆಮೇಲೆ ರಕ್ತಪರೀಕ್ಷೆಯಲ್ಲಿ ಎಎಫ್‌ಪಿ ಎಂಬ ಅಂಕಿ ಸಾವಿರ ದಾಟಿ ಬಂದರೆ ವೈದ್ಯರಲ್ಲೂ ಹಲವರಿಗೆ ಅನುಮಾನ ಉಳಿಯುವುದಿಲ್ಲ. ಹೆಚ್ಚಿನ ಸಲ ಅವರ ಊಹೆ ಸರಿಯೇ ಆಗಿರುತ್ತದೆ. ತಪ್ಪುವ ಸಂದರ್ಭಗಳು ಕಡಿಮೆ. ಆದರೆ ತಪ್ಪಿದಾಗ ಚಿಕಿತ್ಸೆಯ ದಾರಿಯೇ ತಪ್ಪುತ್ತದೆ. ಹಾಗೆ ದಾರಿ ತಪ್ಪಿಸುವ ಕ್ಯಾನ್ಸರ್‌ಗಳಲ್ಲಿ ವಿಚಿತ್ರವಾದದ್ದು ಜಠರದಲ್ಲಿ ಹುಟ್ಟುವ ಒಂದು ಬಗೆ. ಅದರ ಹೆಸರು ಹೆಪಟಾಯ್ಡ್ ಅಡಿನೋಕಾರ್ಸಿನೋಮಾ, ಅಂದರೆ ಲಿವರ್‌ನ ಹೋಲಿಕೆಯುಳ್ಳ ಗ್ರಂಥಿ ಕ್ಯಾನ್ಸರ್.

ಮೊದಲು ಲಿವರ್ ಇರುವ ಸ್ಥಾನದ ವಿಚಾರ. ಜಠರ, ಸಣ್ಣ ಕರುಳು, ದೊಡ್ಡ ಕರುಳು, ಮೇದೋಜೀರಕ ಗ್ರಂಥಿ, ಗುಲ್ಮ ಇವೆಲ್ಲದರಿಂದ ಹೊರಟ ರಕ್ತ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ. ಊರಿನ ಕಾಲುವೆಗಳೆಲ್ಲ ಒಂದೇ ಕೆರೆಗೆ ಬಂದು ಬೀಳುವಂತೆ ಪೋರ್ಟಲ್ ಅಭಿಧಮನಿಯ ಮೂಲಕ ಲಿವರ್‌ಗೆ ಬರುತ್ತದೆ. ಲಿವರ್‌ಗೆ ಸಿಗುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಈ ದಾರಿಯದೇ. ಹಾಗಾಗಿ ಈ ಅಂಗಗಳಲ್ಲಿ ಕ್ಯಾನ್ಸರ್ ಹುಟ್ಟಿದರೆ ಅದರಿಂದ ಕಳಚಿಕೊಂಡು ರಕ್ತಕ್ಕೆ ಸೇರಿದ ಜೀವಕೋಶಗಳು ಸಾಮಾನ್ಯವಾಗಿ ಮೊದಲು ಬಂದು ನಿಲ್ಲುವ ಜಾಗ ಲಿವರ್. ಸಿರೋಸಿಸ್ ಆಗಿರದ, ಅಂದರೆ ಗಾಯದ ಕಲೆಗಳಿಂದ ಗಟ್ಟಿಯಾಗಿರದ, ಅದುವರೆಗೆ ಆರೋಗ್ಯವಾಗಿದ್ದ ಲಿವರ್‌ನಲ್ಲಿ ಹಲವು ಕ್ಯಾನ್ಸರ್ ಗಡ್ಡೆಗಳು ಒಟ್ಟಿಗೆ ಕಂಡರೆ ಅವು ಬೇರೆಡೆಯಿಂದ ಬಂದವು ಎಂದುಕೊಂಡೇ ಹುಡುಕಾಟ ಆರಂಭಿಸಬೇಕು. ಆಸ್ಪತ್ರೆಯ ಮಾತಿನಲ್ಲಿ ಇವು ‘ಸೆಕೆಂಡರೀಸ್’. ಲಿವರ್‌ನದೇ ಆದ ಮುಖ್ಯ ಕ್ಯಾನ್ಸರ್, ಅಂದರೆ ಹೆಪಟೋಸೆಲ್ಯುಲಾರ್ ಕಾರ್ಸಿನೋಮಾ (ಎಚ್‌ಸಿಸಿ), ಬಹುತೇಕ ಮೊದಲೇ ಕೆಟ್ಟ ಲಿವರ್‌ನಲ್ಲಿ ಹುಟ್ಟುತ್ತದೆ. ಹೆಪಟೈಟಿಸ್ ಬಿ ಅಥವಾ ಸಿ ಸೋಂಕು, ವರ್ಷಗಟ್ಟಲೆ ಮದ್ಯಪಾನ, ಈಚೆಗೆ ಕೊಬ್ಬು ತುಂಬಿದ ಲಿವರ್ ಮತ್ತು ಸಕ್ಕರೆ ಕಾಯಿಲೆ, ಇವುಗಳಲ್ಲಿ ಒಂದಾದರೂ ಸಾಮಾನ್ಯವಾಗಿ ಹಿನ್ನೆಲೆಯಲ್ಲಿ ಇರುತ್ತದೆ.

ಸಾಮಾನ್ಯ ಸೆಕೆಂಡರಿಯನ್ನು ಗುರುತಿಸುವುದು ಅಷ್ಟೇನೂ ಕಷ್ಟವಲ್ಲ. ದೊಡ್ಡ ಕರುಳಿನ ಕ್ಯಾನ್ಸರ್ ಲಿವರ್‌ಗೆ ಹರಡಿದರೆ ಸೂಕ್ಷ್ಮದರ್ಶಕದಲ್ಲಿ ಅದು ಕರುಳಿನ ಹಾಗೆಯೇ ಕಾಣುತ್ತದೆ. ಹೋದಲ್ಲೆಲ್ಲ ತನ್ನ ತವರಿನ ಗುರುತು ಹೊತ್ತೊಯ್ಯುವುದು ಕ್ಯಾನ್ಸರ್‌ನ ಸ್ವಭಾವ. ರೋಗಶಾಸ್ತ್ರಜ್ಞರು, ಅಂದರೆ ಪೆಥಾಲಜಿಸ್ಟರು, ಆ ಸ್ವಭಾವವನ್ನೇ ನಂಬಿ ಕೆಲಸ ಮಾಡುತ್ತಾರೆ. ಹೆಪಟಾಯ್ಡ್ ಕ್ಯಾನ್ಸರ್ ಈ ನಂಬಿಕೆಗೇ ಕೈಕೊಡುತ್ತದೆ. ಜಠರದಲ್ಲಿ ಇರುವಾಗಲೇ ಅದು ಲಿವರ್‌ನ ರೂಪ ತಾಳಿರುತ್ತದೆ. ಅಲ್ಲಿಂದ ಲಿವರ್‌ಗೆ ಹೋಗಿ ಕೂತ ಮೇಲೆ ಗುರುತಿಸುವುದು ಎಷ್ಟು ಕಷ್ಟವೆಂದು ಊಹಿಸಬಹುದು.

ಎಎಫ್‌ಪಿ ಎಂದರೆ ಆಲ್ಫಾ ಫೀಟೋಪ್ರೋಟೀನ್. ಮಗು ಗರ್ಭದಲ್ಲಿರುವಾಗ ಅದರ ರಕ್ತದಲ್ಲಿ ಹೇರಳವಾಗಿರುವ ಪ್ರೋಟೀನು ಇದು. 1956ರಲ್ಲಿ ಸ್ವೀಡನ್ನಿನ ಸಂಶೋಧಕರು ಭ್ರೂಣದ ರಕ್ತದಲ್ಲಿ ಇದನ್ನು ಗುರುತಿಸಿದರು. 1963ರಲ್ಲಿ ಮಾಸ್ಕೋದ ಗ್ಯಾರಿ ಅಬೆಲೆವ್ ಮತ್ತು ಸಂಗಡಿಗರು ಲಿವರ್ ಕ್ಯಾನ್ಸರ್ ಇರುವ ಇಲಿಗಳ ರಕ್ತದಲ್ಲಿ ಇದೇ ಪ್ರೋಟೀನು ಮರಳಿ ಕಾಣಿಸಿಕೊಳ್ಳುವುದನ್ನು ತೋರಿಸಿದರು. ಮರುವರ್ಷವೇ ಯೂರಿ ತತಾರಿನೋವ್ ಲಿವರ್ ಕ್ಯಾನ್ಸರ್ ರೋಗಿಗಳ ರಕ್ತದಲ್ಲಿ ಅದನ್ನು ಕಂಡರು. ರಕ್ತಪರೀಕ್ಷೆಯಿಂದ ಕ್ಯಾನ್ಸರ್ ಪತ್ತೆ ಹಚ್ಚುವ ಆಸೆಗೆ ಬಲ ಕೊಟ್ಟ ಮೊದಲ ಶೋಧಗಳಲ್ಲಿ ಇದೂ ಒಂದು. ಆದರೆ 1970ರಲ್ಲೇ ಫ್ರಾನ್ಸಿನಿಂದ ಒಂದು ತೊಡಕಿನ ವರದಿ ಬಂತು: ಜಠರದ ಕ್ಯಾನ್ಸರ್ ಇದ್ದ ರೋಗಿಯ ರಕ್ತದಲ್ಲೂ ಎಎಫ್‌ಪಿ ಏರಿತ್ತು. ಲಿವರ್ ಕ್ಯಾನ್ಸರ್‌ಗೆ ಮೀಸಲು ಎಂದುಕೊಂಡಿದ್ದ ಗುರುತು ಅದಕ್ಕೆ ಮಾತ್ರ ಮೀಸಲಲ್ಲ ಎಂಬುದು ಹೀಗೆ ಆರಂಭದಲ್ಲೇ ಗೊತ್ತಾಗಿತ್ತು. ಅರ್ಧ ಶತಮಾನ ಕಳೆದರೂ ಕೆಲವೆಡೆ ಅದು ಗೊತ್ತಿಲ್ಲದಂತೆಯೇ ನಡೆದುಕೊಳ್ಳುತ್ತೇವೆ ಎಂಬುದು ಬೇರೆ ಮಾತು.

ದೊಡ್ಡವರ ರಕ್ತದಲ್ಲಿ ಎಎಫ್‌ಪಿ ಮಿಲಿಲೀಟರಿಗೆ ಸಾಮಾನ್ಯವಾಗಿ 10 ನ್ಯಾನೋಗ್ರಾಂಗಿಂತ ಕಡಿಮೆ. ಗರ್ಭಿಣಿಯರಲ್ಲಿ ಏರುತ್ತದೆ, ಅದು ಸಹಜ. ವೃಷಣ ಮತ್ತು ಅಂಡಾಶಯದ ಕೆಲವು ಗಡ್ಡೆಗಳಲ್ಲಿ ಏರುತ್ತದೆ. ಹೆಪಟೈಟಿಸ್ ಉಲ್ಬಣಿಸಿದಾಗಲೂ ತಕ್ಕಮಟ್ಟಿಗೆ ಏರುತ್ತದೆ. ಇನ್ನೊಂದು ಕಡೆ, ನಿಜವಾದ ಲಿವರ್ ಕ್ಯಾನ್ಸರ್ ಇರುವವರಲ್ಲೇ ಸುಮಾರು ಮೂರನೇ ಒಂದು ಪಾಲು ಜನರಲ್ಲಿ ಅದು ಏರುವುದೇ ಇಲ್ಲ. 2000ದಲ್ಲಿ ಬಾರ್ಸಿಲೋನಾದಲ್ಲಿ ಸೇರಿದ ಯುರೋಪಿನ ತಜ್ಞರು, ಸಿರೋಸಿಸ್ ಇರುವವರಲ್ಲಿ 2 ಸೆಂ.ಮೀ.ಗಿಂತ ದೊಡ್ಡದಾದ, ರಕ್ತ ಹೆಚ್ಚು ಹೀರುವ ಗಡ್ಡೆ ಒಂದು ಸ್ಕ್ಯಾನ್‌ನಲ್ಲಿ ಕಂಡು, ಎಎಫ್‌ಪಿ 400 ದಾಟಿದ್ದರೆ ಬಯಾಪ್ಸಿ ಇಲ್ಲದೆಯೇ ಲಿವರ್ ಕ್ಯಾನ್ಸರ್ ಎನ್ನಬಹುದು ಎಂದಿದ್ದರು. ಹತ್ತು ವರ್ಷಗಳ ಬಳಿಕ ಅಮೆರಿಕದ ಮಾರ್ಗಸೂಚಿ ರೋಗನಿರ್ಣಯದ ಮಾನದಂಡಗಳಿಂದ ಎಎಫ್‌ಪಿಯನ್ನು ಕೈಬಿಟ್ಟಿತು. ಆದರೂ ‘ನಾನೂರು ದಾಟಿತೆಂದರೆ ಲಿವರ್ ಕ್ಯಾನ್ಸರ್’ ಎಂಬ ಹಳೆಯ ಲೆಕ್ಕ ಹಲವರ ಮನಸ್ಸಿನಿಂದ ಇನ್ನೂ ಹೋಗಿಲ್ಲ.

ಎಎಫ್‌ಪಿ ಸುರಿಸುವ ಜಠರದ ಕ್ಯಾನ್ಸರ್‌ಗಳಲ್ಲಿ ಕೆಲವು ಸೂಕ್ಷ್ಮದರ್ಶಕದಲ್ಲೂ ಲಿವರ್‌ನ ಹಾಗೆಯೇ ಕಾಣುತ್ತವೆ ಎಂಬುದನ್ನು ಸ್ಪಷ್ಟವಾಗಿ ಬರೆದವರು ಜಪಾನಿನ ಇಶಿಕುರಾ ಮತ್ತು ಸಂಗಡಿಗರು, 1985ರಲ್ಲಿ. ಮರುವರ್ಷ ಅವರು ಏಳು ರೋಗಿಗಳ ವಿವರ ಸೇರಿಸಿ ಈ ಗುಂಪಿಗೆ ಈಗಿನ ಹೆಸರನ್ನು ಗಟ್ಟಿ ಮಾಡಿದರು. ವಿಶ್ವ ಆರೋಗ್ಯ ಸಂಸ್ಥೆಯ 2019ರ ವರ್ಗೀಕರಣದಲ್ಲಿ ಇದಕ್ಕೂ ಇದರ ನೆಂಟರಿಗೂ ಜಾಗವಿದೆ. ಭ್ರೂಣದ ಕರುಳನ್ನು ಹೋಲುವ, ಜೀವಕೋಶದೊಳಗೆ ಗ್ಲೈಕೋಜನ್ ತುಂಬಿಕೊಂಡು ತಿಳಿಯಾಗಿ ಕಾಣುವ ಒಂದು ಬಗೆ ಇದೆ. ಭ್ರೂಣದ ಹಳದಿ ಚೀಲದ ಗಡ್ಡೆಯನ್ನು ಹೋಲುವ ಮತ್ತೊಂದು ಬಗೆ ಇದೆ. ಒಂದೇ ಗಡ್ಡೆಯಲ್ಲಿ ಎರಡು ಮೂರು ಬಗೆ ಬೆರೆತಿರುವುದೂ ಉಂಟು. ಎಎಫ್‌ಪಿ ಏರಿದ ಪ್ರತಿ ಜಠರ ಕ್ಯಾನ್ಸರೂ ಹೆಪಟಾಯ್ಡ್ ಅಲ್ಲ. ಹೆಪಟಾಯ್ಡ್ ಆದ ಪ್ರತಿಯೊಂದೂ ಎಎಫ್‌ಪಿ ಏರಿಸುವುದಿಲ್ಲ. ಹೆಸರು ಬರುವುದು ರೂಪದಿಂದ, ರಕ್ತದ ಅಂಕಿಯಿಂದಲ್ಲ.

ಜಠರದ ಒಟ್ಟು ಕ್ಯಾನ್ಸರ್‌ಗಳಲ್ಲಿ ಇದರ ಪಾಲು ಶೇ. 1ರ ಆಸುಪಾಸು. ಹೆಚ್ಚಾಗಿ ಅರವತ್ತರ ಹತ್ತಿರದ ಗಂಡಸರಲ್ಲಿ ಕಾಣುತ್ತದೆ. ಜಠರವೇ ಇದರ ಮುಖ್ಯ ನೆಲೆಯಾದರೂ ಅನ್ನನಾಳ, ಡುಯೋಡಿನಮ್, ದೊಡ್ಡ ಕರುಳು, ಪಿತ್ತಕೋಶ, ಮೇದೋಜೀರಕ ಗ್ರಂಥಿಯಿಂದಲೂ ವರದಿಯಾಗಿದೆ. ಜೀರ್ಣನಾಳದ ಹೊರಗೆ ಶ್ವಾಸಕೋಶ, ಅಂಡಾಶಯ, ಮೂತ್ರಕೋಶದಲ್ಲೂ ಸಿಕ್ಕಿದೆ. ಪಿತ್ತಕೋಶದ್ದು ಬಲು ಪೇಚಿನ ಸಂಗತಿ. ಲಿವರ್‌ನ ಅಡಿಗೇ ಅಂಟಿಕೊಂಡಿರುವ ಅಂಗ ಅದು. ಗಡ್ಡೆ ಅಲ್ಲಿಂದ ಲಿವರ್‌ಗೆ ನುಗ್ಗಿತೋ, ಲಿವರ್‌ನಿಂದ ಪಿತ್ತಕೋಶಕ್ಕೆ ಇಳಿಯಿತೋ ಎಂಬುದನ್ನು ಶಸ್ತ್ರಕ್ರಿಯೆಯ ಬಳಿಕವೂ ಹೇಳಲಾಗದೆ ಹೋಗಬಹುದು.

ಜಠರದ ಕೋಶ ಲಿವರ್‌ನ ಹಾಗೆ ಆಗುವುದು ಹೇಗೆ? ಉತ್ತರ ಭ್ರೂಣಶಾಸ್ತ್ರದಲ್ಲಿದೆ. ಗರ್ಭದ ನಾಲ್ಕನೇ ವಾರದಲ್ಲಿ, ಮುಂದೆ ಜಠರ ಮತ್ತು ಡುಯೋಡಿನಮ್ ಆಗಲಿರುವ ನಾಳದ ಮುಂಗೋಡೆಯಲ್ಲಿ ಒಂದು ಮೊಗ್ಗು ಏಳುತ್ತದೆ. ಲಿವರ್, ಪಿತ್ತಕೋಶ ಮತ್ತು ಮೇದೋಜೀರಕದ ಒಂದು ಭಾಗ ಮೂಡುವುದು ಈ ಜಾಗದಿಂದಲೇ. ಅಂದರೆ ಜಠರದ ಒಳಪೊರೆಗೂ ಲಿವರ್ ಕೋಶಕ್ಕೂ ಮೂಲ ಒಂದೇ. ಭ್ರೂಣದ ಹಂತದಲ್ಲಿ ಜೀರ್ಣನಾಳವೂ ಅಷ್ಟಿಷ್ಟು ಎಎಫ್‌ಪಿ ತಯಾರಿಸುತ್ತದೆ. ಹುಟ್ಟಿದ ಮೇಲೆ ಆ ಜೀನುಗಳು ಮುಚ್ಚಿಕೊಳ್ಳುತ್ತವೆ, ಅಳಿದುಹೋಗುವುದಿಲ್ಲ. ಕ್ಯಾನ್ಸರ್ ಕೋಶದಲ್ಲಿ ನಿಯಂತ್ರಣ ತಪ್ಪಿದಾಗ ಅವುಗಳಲ್ಲಿ ಕೆಲವು ಮತ್ತೆ ತೆರೆದುಕೊಳ್ಳುತ್ತವೆ. ಈ ಗಡ್ಡೆಗಳಲ್ಲಿ ಟಿಪಿ53 ಜೀನಿನ ದೋಷ ಸಾಮಾನ್ಯ. 20ನೇ ವರ್ಣತಂತುವಿನ ಉದ್ದ ತೋಳಿನ ಒಂದು ಭಾಗ ಹಲವು ಪ್ರತಿಗಳಾಗಿ ಹೆಚ್ಚಿಕೊಂಡಿರುವುದನ್ನು ಚೀನಾದ ಸಂಶೋಧಕರು ತೋರಿಸಿದ್ದಾರೆ. ಆದರೆ ಲಕ್ಷಾಂತರ ಜಠರ ಕ್ಯಾನ್ಸರ್‌ಗಳ ನಡುವೆ ಕೆಲವೇ ಕೆಲವು ಈ ಹಾದಿ ಹಿಡಿಯುವುದೇಕೆ ಎಂಬುದಕ್ಕೆ ಒಪ್ಪಿಗೆಯಾಗುವ ವಿವರಣೆ ಇನ್ನೂ ಬಂದಿಲ್ಲ.

ಈಗ ಒಂದು ಸ್ಲೈಡನ್ನು ಹತ್ತಿರದಿಂದ ನೋಡೋಣ. ಲಿವರ್‌ಗೆ ಸೂಜಿ ಹಾಕಿ ತೆಗೆದ ಬಯಾಪ್ಸಿ ಎಂದರೆ ದಾರದ ಎಳೆಯಷ್ಟು ತೆಳ್ಳಗಿನ, ಒಂದೆರಡು ಸೆಂಟಿಮೀಟರ್ ಉದ್ದದ ತುಣುಕು. ಅದನ್ನು ಮೇಣದಲ್ಲಿ ಹುದುಗಿಸಿ, ಮೈಕ್ರಾನ್ ಲೆಕ್ಕದ ಪದರಗಳಾಗಿ ಸೀಳಿ, ಗುಲಾಬಿ ಮತ್ತು ನೇರಳೆ ಬಣ್ಣ ಹಾಕಿ ಗಾಜಿನ ಮೇಲೆ ಕೂರಿಸುತ್ತಾರೆ. ಕಣ್ಣಿಗೆ ಬೀಳುವುದು ಹಲವು ಮೂಲೆಗಳುಳ್ಳ ದೊಡ್ಡ ಕೋಶಗಳು, ಒಳಗೆ ಧಾರಾಳವಾಗಿ ಗುಲಾಬಿ ಬಣ್ಣದ ಕೋಶರಸ, ನಡುವೆ ದುಂಡು ಕೋಶಕೇಂದ್ರ, ಅದರೊಳಗೆ ಎದ್ದು ಕಾಣುವ ಚುಕ್ಕೆ. ಕೋಶಗಳು ಎರಡು ಮೂರು ಸಾಲಾಗಿ ಹುರಿಗಟ್ಟಿವೆ. ಹುರಿಗಳ ನಡುವೆ ಸಣ್ಣ ರಕ್ತನಾಳಗಳು. ಅಲ್ಲಲ್ಲಿ ಗಾಜಿನ ಗೋಲಿಯಂತೆ ಹೊಳೆಯುವ ಪ್ರೋಟೀನು ಹನಿಗಳು. ಅಪರೂಪಕ್ಕೆ ಹಸಿರು ಹಳದಿ ಬಣ್ಣದ ಪಿತ್ತರಸವೂ ಕಾಣಬಹುದು. ಇಷ್ಟು ಕಂಡ ಪೆಥಾಲಜಿಸ್ಟ್ ‘ಹೆಪಟೋಸೆಲ್ಯುಲಾರ್ ಕಾರ್ಸಿನೋಮಾ’ ಎಂದು ಸಹಿ ಹಾಕಿದರೆ ಅವರನ್ನು ದೂರುವುದು ಕಷ್ಟ. ಅವರ ಮೇಜಿಗೆ ಬಂದ ಕೋರಿಕೆಯ ಚೀಟಿಯಲ್ಲಿ ಬಹುಶಃ ಎರಡೇ ಮಾತು ಇದ್ದಿರುತ್ತದೆ: ‘ಲಿವರ್ ಎಸ್‌ಒಎಲ್, ಎಚ್‌ಸಿಸಿ ಶಂಕೆ’. ರೋಗಿಗೆ ಮೂರು ತಿಂಗಳಿಂದ ಊಟ ಸೇರುತ್ತಿಲ್ಲ, ಹಿಮೋಗ್ಲೋಬಿನ್ ಏಳಕ್ಕೆ ಇಳಿದಿದೆ, ಮಲ ಕಪ್ಪಾಗಿ ಹೋಗುತ್ತಿದೆ, ಹೆಪಟೈಟಿಸ್ ಪರೀಕ್ಷೆ ನೆಗೆಟಿವ್ ಎಂಬುದು ಯಾವುದೂ ಅಲ್ಲಿ ಇರುವುದಿಲ್ಲ. ಇವೆಲ್ಲ ಜಠರದ ಕಡೆ ಬೆರಳು ತೋರಿಸುವ ಸುಳಿವುಗಳು. ನನ್ನ ಮಟ್ಟಿಗೆ, ಈ ಸಮಸ್ಯೆಯಲ್ಲಿ ವಿಜ್ಞಾನದ ಕೊರತೆಗಿಂತ ಆ ಚೀಟಿಯ ಜಿಪುಣತನವೇ ದೊಡ್ಡದು.

ಅನುಮಾನ ಬಂದರೆ ಮುಂದಿನ ಹೆಜ್ಜೆ ಐಎಚ್‌ಸಿ, ಅಂದರೆ ಪ್ರತಿಕಾಯಗಳನ್ನು ಬಳಸಿ ಕೋಶದೊಳಗಿನ ನಿರ್ದಿಷ್ಟ ಪ್ರೋಟೀನಿಗೆ ಕಂದು ಬಣ್ಣ ಹಚ್ಚುವ ಪರೀಕ್ಷೆ. ಲಿವರ್‌ನ ಗುರುತಿಗೆಂದು ಬಹುಕಾಲ ನೆಚ್ಚಿಕೊಂಡಿದ್ದದ್ದು ಹೆಪ್‌ಪಾರ್-1. ಆದರೆ ಅದು ಆರೋಗ್ಯವಂತ ಸಣ್ಣ ಕರುಳಿನ ಕೋಶಕ್ಕೂ ಬಣ್ಣ ಕೊಡುತ್ತದೆ, ಹೆಪಟಾಯ್ಡ್ ಕ್ಯಾನ್ಸರ್‌ಗೂ ಕೊಡುತ್ತದೆ. ಗ್ಲೈಪಿಕಾನ್-3 ಎರಡರಲ್ಲೂ ಪಾಸಿಟಿವ್ ಬರಬಹುದು. ಆರ್ಜಿನೇಸ್-1 ಇವುಗಳಿಗಿಂತ ಮೇಲು, ಆದರೂ ಅದೊಂದನ್ನೇ ನಂಬುವಂತಿಲ್ಲ. 2010ರಲ್ಲಿ ಜಪಾನಿನ ಉಶಿಕು ಮತ್ತು ಸಂಗಡಿಗರು ಸಾಲ್4 ಎಂಬ ಪ್ರೋಟೀನನ್ನು ಮುಂದಿಟ್ಟರು. ಭ್ರೂಣದ ಕರುಳಿನಲ್ಲಿ ಕಾಣುವ ಪ್ರೋಟೀನಿದು; ಹೆಪಟಾಯ್ಡ್ ಜಠರ ಕ್ಯಾನ್ಸರ್‌ನಲ್ಲಿ ಬಹುತೇಕ ಪಾಸಿಟಿವ್, ಲಿವರ್‌ನ ಕ್ಯಾನ್ಸರ್‌ನಲ್ಲಿ ಬಹುತೇಕ ನೆಗೆಟಿವ್ ಎಂದು ಅವರು ತೋರಿಸಿದರು. ಮುಂದೆ ಲಿವರ್‌ನ ಕೆಲವು ಉಗ್ರ ಕ್ಯಾನ್ಸರ್‌ಗಳಲ್ಲೂ ಸಾಲ್4 ಸಿಕ್ಕಿತು. ಸಿಕೆ19, ಸಿಡಿಎಕ್ಸ್2 ಮೊದಲಾದ ಕರುಳಿನ ಕಡೆಯ ಗುರುತುಗಳನ್ನೂ ಸೇರಿಸಿ, ಒಟ್ಟು ಗುಂಪಿನ ಸಾಕ್ಷ್ಯ ನೋಡಿ ತೀರ್ಪು ಕೊಡಬೇಕಾಗುತ್ತದೆ. ಒಂದೇ ಬಣ್ಣ ನೋಡಿ ಧೈರ್ಯವಾಗಿ ಮಾತಾಡುವವರನ್ನು ನಂಬಬಾರದು.

ಬಣ್ಣಗಳಿಗಿಂತ ಸರಳವಾದ, ಹೆಚ್ಚು ನೆಚ್ಚಬಹುದಾದ ಪರೀಕ್ಷೆ ಎಂಡೋಸ್ಕೋಪಿ. ಬಾಯಿಯ ಮೂಲಕ ಕ್ಯಾಮೆರಾ ಇಳಿಸಿ ಜಠರವನ್ನು ಕಣ್ಣಾರೆ ನೋಡುವುದು. ಹತ್ತು ಹದಿನೈದು ನಿಮಿಷದ ಕೆಲಸ; ಜಿಲ್ಲಾ ಕೇಂದ್ರಗಳಲ್ಲೂ ಈಗ ಸಿಗುತ್ತದೆ. ಅಲ್ಲೂ ಒಂದು ತೊಡಕಿದೆ ಎನ್ನಬೇಕು. ಹೆಪಟಾಯ್ಡ್ ಭಾಗ ಬಹಳ ಸಲ ಗಡ್ಡೆಯ ಆಳದಲ್ಲಿ, ರಕ್ತನಾಳಗಳ ಒಳಗೆ ಅಡಗಿರುತ್ತದೆ. ಮೇಲ್ಪದರದಲ್ಲಿ ಇರುವುದು ಮಾಮೂಲಿ ಗ್ರಂಥಿ ಕ್ಯಾನ್ಸರ್. ಎಂಡೋಸ್ಕೋಪಿಯ ಚಿಮಟ ಕಚ್ಚುವುದು ಮೇಲ್ಪದರವನ್ನು. ಆಗ ಏನಾಗುತ್ತದೆ ನೋಡಿ: ಜಠರದ ತುಣುಕು ‘ಅಡಿನೋಕಾರ್ಸಿನೋಮಾ’ ಎನ್ನುತ್ತದೆ, ಲಿವರ್‌ನ ತುಣುಕು ‘ಹೆಪಟೋಸೆಲ್ಯುಲಾರ್ ಕಾರ್ಸಿನೋಮಾ’ ಎನ್ನುತ್ತದೆ. ಕಂಡದ್ದರ ಮಟ್ಟಿಗೆ ಎರಡೂ ಸರಿ. ರೋಗಿಗೆ ಏಕಕಾಲಕ್ಕೆ ಎರಡು ಬೇರೆ ಬೇರೆ ಕ್ಯಾನ್ಸರ್ ಎಂದು ಕಡತದಲ್ಲಿ ದಾಖಲಾಗುತ್ತದೆ. ನಿಜದಲ್ಲಿ ಅದು ಒಂದೇ ಕಾಯಿಲೆ. ಎರಡು ಸ್ಲೈಡುಗಳನ್ನೂ ಒಬ್ಬರೇ ಪೆಥಾಲಜಿಸ್ಟ್ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಹೊಳೆಯುವ ಸತ್ಯ, ಎರಡು ಲ್ಯಾಬುಗಳಿಗೆ ಹೋದಾಗ ಹೊಳೆಯದೇ ಹೋಗುತ್ತದೆ. ಒಂದು ಆಸ್ಪತ್ರೆಯಲ್ಲಿ ಎಂಡೋಸ್ಕೋಪಿ, ಇನ್ನೊಂದರಲ್ಲಿ ಸ್ಕ್ಯಾನ್, ಮೂರನೆಯದರಲ್ಲಿ ಬಯಾಪ್ಸಿ ಎಂದು ಹಂಚಿಹೋಗುವ ನಮ್ಮ ವ್ಯವಸ್ಥೆಯಲ್ಲಿ ಹೀಗಾಗುವುದು ಸುಲಭ.

ಸ್ಕ್ಯಾನ್ ಕೂಡ ಮೋಸ ಹೋಗಬಲ್ಲದು. ಕಾಂಟ್ರಾಸ್ಟ್ ದ್ರಾವಣ ಚುಚ್ಚಿ ಮೂರು ಹಂತದಲ್ಲಿ ತೆಗೆಯುವ ಸಿಟಿಯಲ್ಲಿ ಲಿವರ್ ಕ್ಯಾನ್ಸರ್ ಮೊದಲ ಹಂತದಲ್ಲಿ ಬೆಳಗುತ್ತದೆ, ಮುಂದಿನ ಹಂತದಲ್ಲಿ ಸುತ್ತಲಿನ ಲಿವರ್‌ಗಿಂತ ಮಂಕಾಗುತ್ತದೆ. ಎರಡನೆಯದಕ್ಕೆ ರೇಡಿಯಾಲಜಿಸ್ಟರು ‘ವಾಶ್‌ಔಟ್’ ಎನ್ನುತ್ತಾರೆ. ಸಿರೋಸಿಸ್ ಇರುವವರಲ್ಲಿ ಈ ಎರಡು ಲಕ್ಷಣಗಳಿದ್ದರೆ ಬಯಾಪ್ಸಿಯ ಅಗತ್ಯವಿಲ್ಲ ಎಂಬ ನಿಯಮ ಸರಿಯಾದದ್ದೇ. ಲೈ-ರ್‍ಯಾಡ್ಸ್ ಎಂಬ ಪದ್ಧತಿ ನಿಂತಿರುವುದು ಅದರ ಮೇಲೆ. ಆದರೆ ಆ ಪದ್ಧತಿಯ ಮೊದಲ ಷರತ್ತೇ ರೋಗಿಗೆ ಸಿರೋಸಿಸ್ ಅಥವಾ ದೀರ್ಘಕಾಲದ ಹೆಪಟೈಟಿಸ್ ಬಿ ಇರಬೇಕು ಎಂಬುದು. ಷರತ್ತನ್ನು ಬಿಟ್ಟು ಚಿತ್ರವನ್ನಷ್ಟೇ ಹಿಡಿದರೆ ಎಡವುತ್ತೇವೆ. ಹೆಪಟಾಯ್ಡ್ ಕ್ಯಾನ್ಸರ್‌ನ ಸೆಕೆಂಡರಿಗಳೂ ರಕ್ತ ತುಂಬಿದವೇ, ಅವೂ ಬೆಳಗಿ ಮಂಕಾಗಬಲ್ಲವು, ಪೋರ್ಟಲ್ ಅಭಿಧಮನಿಯೊಳಗೆ ಗಡ್ಡೆಯ ಗೂಟ ಇಳಿಸುವುದರಲ್ಲೂ ಲಿವರ್ ಕ್ಯಾನ್ಸರನ್ನೇ ಅನುಸರಿಸುತ್ತವೆ.

ಈ ಸಾಲಿನಲ್ಲಿ ನೆನೆಯಬೇಕಾದ ಇನ್ನೊಂದು ಗುಂಪು ಹಾರ್ಮೋನು ತಯಾರಿಸುವ ಕೋಶಗಳಿಂದ ಹುಟ್ಟುವ ನ್ಯೂರೋಎಂಡೋಕ್ರೈನ್ ಗಡ್ಡೆಗಳದು. ನಟ ಇರ್ಫಾನ್ ಖಾನ್ ತಮಗೆ ಇಂಥ ಗಡ್ಡೆ ಇದೆಯೆಂದು 2018ರ ಮಾರ್ಚ್‌ನಲ್ಲಿ ತಿಳಿಸಿದಾಗ ದೇಶದ ಬಹುಮಂದಿ ಈ ಹೆಸರು ಕೇಳಿದ್ದು ಅದೇ ಮೊದಲು. 1907ರಲ್ಲಿ ಜರ್ಮನಿಯ ಸೀಗ್‌ಫ್ರೀಡ್ ಓಬರ್‌ನ್‌ಡಾರ್ಫರ್ ಸಣ್ಣ ಕರುಳಿನಲ್ಲಿ ಕಂಡ, ಕ್ಯಾನ್ಸರ್‌ನಂತಿದ್ದರೂ ನಿಧಾನಿಯಾದ ಇಂಥವೇ ಗಡ್ಡೆಗಳಿಗೆ ‘ಕಾರ್ಸಿನಾಯ್ಡ್’ ಎಂದು ಹೆಸರಿಟ್ಟಿದ್ದರು. ಕರುಳಿನಲ್ಲಿ ಅಥವಾ ಮೇದೋಜೀರಕದಲ್ಲಿ ಬಟಾಣಿಯಷ್ಟಿರುವ ಮೂಲ ಗಡ್ಡೆ ಕಣ್ಣಿಗೇ ಬೀಳದೆ, ಲಿವರ್‌ನಲ್ಲಿ ಮಾತ್ರ ರಕ್ತ ತುಂಬಿದ ದೊಡ್ಡ ಗಡ್ಡೆಗಳು ಕಾಣುವುದು ಇವುಗಳ ಚಾಳಿ. ಸ್ಕ್ಯಾನ್‌ನಲ್ಲಿ ಲಿವರ್ ಕ್ಯಾನ್ಸರ್ ಎನಿಸುತ್ತದೆ. ಎಎಫ್‌ಪಿ ಮಾತ್ರ ಏರಿರುವುದಿಲ್ಲ. ಕೆಲವರಿಗೆ ಮುಖ ಕೆಂಪೇರುವುದು, ಬಿಡದ ಭೇದಿ ಇರುತ್ತದೆ. ಗುರುತಿಸುವುದು ಹೆಪಟಾಯ್ಡ್‌ನಷ್ಟು ಕಷ್ಟವಲ್ಲ: ಕ್ರೋಮೋಗ್ರಾನಿನ್, ಸಿನಾಪ್ಟೋಫೈಸಿನ್ ಎಂಬ ಎರಡು ಐಎಚ್‌ಸಿ ಗುರುತು ಹಾಕಿದರೆ ಸಾಮಾನ್ಯವಾಗಿ ಹೊರಬರುತ್ತದೆ, ಡೋಟಾಟೇಟ್ ಪೆಟ್ ಸ್ಕ್ಯಾನ್ ಮೂಲವನ್ನೂ ಹುಡುಕಿಕೊಡಬಲ್ಲದು. ಸರಿಯಾದ ಹೆಸರು ಸಿಕ್ಕರೆ ಇಲ್ಲಿ ರೋಗಿಗೆ ಲಾಭ ದೊಡ್ಡದು. ನಿಧಾನವಾಗಿ ಬೆಳೆಯುವ ಬಗೆಯಾದರೆ ಆಕ್ಟ್ರಿಯೋಟೈಡ್ ಚುಚ್ಚುಮದ್ದು, ಲುಟೀಶಿಯಂ ಚಿಕಿತ್ಸೆಗಳಿಂದ ಹಲವು ವರ್ಷ ಬದುಕಬಹುದು. ಸ್ಟೀವ್ ಜಾಬ್ಸ್‌ಗೆ 2003ರಲ್ಲಿ ಪತ್ತೆಯಾದದ್ದು ಮೇದೋಜೀರಕದ ಇಂಥದೇ ಗಡ್ಡೆ. 2009ರಲ್ಲಿ ಅವರಿಗೆ ಲಿವರ್ ಕಸಿ ಆಯಿತು, ತೀರಿಕೊಂಡದ್ದು 2011ರಲ್ಲಿ. ಮೇದೋಜೀರಕದ ಸಾಮಾನ್ಯ ಕ್ಯಾನ್ಸರ್ ಲಿವರ್‌ಗೆ ಹರಡಿದವರಿಗೆ ಕಸಿಯ ಮಾತನ್ನೇ ಯಾರೂ ಎತ್ತುವುದಿಲ್ಲ.

ಮೇದೋಜೀರಕದ ಅಸಿನಾರ್ ಕೋಶದ ಕ್ಯಾನ್ಸರ್ ಎಂಬ ವಿರಳ ಬಗೆಯೂ ಎಎಫ್‌ಪಿ ಏರಿಸಬಲ್ಲದು. ಜಠರ ಮತ್ತು ಕರುಳಿನ ಗೋಡೆಯಲ್ಲಿ ಹುಟ್ಟುವ ಜಿಸ್ಟ್ ಗಡ್ಡೆಗಳೂ ಲಿವರ್‌ಗೆ ಹರಡುತ್ತವೆ. ಬಯಾಪ್ಸಿಯಲ್ಲಿ ಅವುಗಳ ಗುರುತು ಸಿಕ್ಕರೆ ಇಮಾಟಿನಿಬ್ ಮಾತ್ರೆ ಬಹುಮಂದಿಯಲ್ಲಿ ಅವುಗಳನ್ನು ಹಿಡಿದಿಡುತ್ತದೆ.

ಹೆಪಟಾಯ್ಡ್ ವಿಷಯಕ್ಕೆ ಮರಳಿದರೆ, ಹೆಸರು ಬದಲಾದರೆ ಚಿಕಿತ್ಸೆಯೂ ಬದಲಾಗುತ್ತದೆ. ಲಿವರ್‌ನದೇ ಕ್ಯಾನ್ಸರ್ ಆದರೆ ಗಡ್ಡೆ ಕತ್ತರಿಸುವುದು, ಗಡ್ಡೆ ನಿಗದಿತ ಮಿತಿಯೊಳಗಿರುವವರಿಗೆ ಕಸಿ, ರಕ್ತನಾಳದ ಮೂಲಕ ಗಡ್ಡೆಗೇ ಔಷಧ ತುಂಬಿ ದಾರಿ ಮುಚ್ಚುವ ಟೇಸ್, ಸೊರಾಫೆನಿಬ್ ಮಾತ್ರೆ, 2020ರಿಂದೀಚೆಗೆ ಅಟೆಜೊಲಿಜುಮಾಬ್ ಮತ್ತು ಬೆವಾಸಿಜುಮಾಬ್ ಜೋಡಿ. ಜಠರದ್ದಾದರೆ ಜಠರವನ್ನೂ ಸುತ್ತಲಿನ ದುಗ್ಧಗ್ರಂಥಿಗಳನ್ನೂ ತೆಗೆಯುವ ಶಸ್ತ್ರಕ್ರಿಯೆ, ಅದರ ಹಿಂದೆ ಮುಂದೆ ಕಿಮೋ, ಗಡ್ಡೆಯಲ್ಲಿ ಹರ್2 ಎಂಬ ಪ್ರೋಟೀನು ಪಾಸಿಟಿವ್ ಇದ್ದರೆ 2010ರಲ್ಲಿ ಸಾಬೀತಾದ ಟ್ರಾಸ್ಟುಜುಮಾಬ್. ಹೆಪಟಾಯ್ಡ್‌ಗಳಲ್ಲಿ ಕೆಲವು ಹರ್2 ಪಾಸಿಟಿವ್ ಬರುತ್ತವೆ. ಲಿವರ್ ಕ್ಯಾನ್ಸರ್ ಎಂದು ಬರೆದಿಟ್ಟರೆ ಆ ಪರೀಕ್ಷೆಯನ್ನೇ ಯಾರೂ ಕೇಳುವುದಿಲ್ಲ, ಉಪಯೋಗಕ್ಕೆ ಬರಬಹುದಾದ ಒಂದು ಔಷಧ ಕೈತಪ್ಪುತ್ತದೆ. ಲಿವರ್‌ನ ಗಡ್ಡೆಗಳಿಗಷ್ಟೇ ಟೇಸ್ ಮಾಡುತ್ತ ಕೂತರೆ ಜಠರದ ಮೂಲ ಗಡ್ಡೆ ರಕ್ತ ಸುರಿಸುತ್ತಲೇ ಇರುತ್ತದೆ.

ರಾಮುಸಿರುಮಾಬ್ ಎಂಬ ಔಷಧದ ಕಥೆ ಇಲ್ಲಿ ಸ್ವಾರಸ್ಯಕರ. 2014ರಲ್ಲಿ ಅದು ಜಠರದ ಮುಂದುವರಿದ ಕ್ಯಾನ್ಸರ್‌ಗೆ ಒಪ್ಪಿಗೆ ಪಡೆಯಿತು. 2019ರಲ್ಲಿ ಲಿವರ್ ಕ್ಯಾನ್ಸರ್‌ಗೂ ಒಪ್ಪಿಗೆ ಬಂತು, ಆದರೆ ಎಎಫ್‌ಪಿ 400 ಅಥವಾ ಅದಕ್ಕಿಂತ ಹೆಚ್ಚು ಇರುವವರಿಗೆ ಮಾತ್ರ. ಎರಡೂ ಕಡೆ ಕಾಲಿಟ್ಟಿರುವ ಹೆಪಟಾಯ್ಡ್‌ಗೆ ಇದು ಹೇಳಿ ಮಾಡಿಸಿದಂತೆ ತೋರುತ್ತದೆ. ಆದರೆ ಇಂಥ ರೋಗಿಗಳನ್ನಷ್ಟೇ ಸೇರಿಸಿ ದೊಡ್ಡ ಪ್ರಯೋಗ ನಡೆಸುವಷ್ಟು ಜನ ಒಂದೆಡೆ ಸಿಗುವುದಿಲ್ಲ. ಇರುವುದೆಲ್ಲ ಸಣ್ಣ ಸಣ್ಣ ವರದಿಗಳು. ವಿರಳ ಕಾಯಿಲೆಯ ರೋಗಿಗೆ ಸಿಗುವ ಚಿಕಿತ್ಸೆ ಬಹುಪಾಲು ಇತರರ ಪ್ರಯೋಗಗಳಿಂದ ಎರವಲು ತಂದದ್ದು. ಫಲಿತಾಂಶವೂ ಆಶಾದಾಯಕವಲ್ಲ: ಬೇಗ ರಕ್ತನಾಳಕ್ಕೆ ನುಗ್ಗಿ ಬೇಗ ಲಿವರ್ ಸೇರುವುದರಿಂದ ಇದು ಜಠರದ ಮಾಮೂಲಿ ಕ್ಯಾನ್ಸರ್‌ಗಿಂತ ಕೆಟ್ಟದ್ದು ಎಂಬುದೇ ಹೆಚ್ಚಿನ ವರದಿಗಳ ಅಭಿಪ್ರಾಯ. ಸಮಾಧಾನದ ಒಂದು ಅಂಶವೆಂದರೆ, ಶಸ್ತ್ರಕ್ರಿಯೆಯ ಬಳಿಕ ಎಎಫ್‌ಪಿ ಕಾವಲುಗಾರನಾಗಿ ಉಪಯೋಗಕ್ಕೆ ಬರುತ್ತದೆ. ರಕ್ತದಲ್ಲಿ ಅದರ ಅರ್ಧಾಯುಷ್ಯ ಐದಾರು ದಿನ. ಗಡ್ಡೆ ಪೂರ್ತಿ ಹೋಗಿದ್ದರೆ ಅಂಕಿ ವಾರ ವಾರಕ್ಕೆ ಇಳಿಯಬೇಕು; ಇಳಿದದ್ದು ಮತ್ತೆ ಏರತೊಡಗಿದರೆ ಸ್ಕ್ಯಾನ್‌ಗೆ ಮೊದಲೇ ಸುಳಿವು ಸಿಗುತ್ತದೆ.

ಈ ಕ್ಯಾನ್ಸರ್ ಬಗ್ಗೆ ಹೆಚ್ಚಿನ ವರದಿಗಳು ಜಪಾನ್ ಮತ್ತು ಚೀನಾದಿಂದ ಬಂದಿವೆ. ಆ ದೇಶಗಳಲ್ಲಿ ಜಠರದ ಕ್ಯಾನ್ಸರ್ ಹೆಚ್ಚು ಎಂಬುದು ಒಂದು ಕಾರಣ. ಜಪಾನಿನಲ್ಲಿ ಜಠರವನ್ನು ತಪಾಸಣೆ ಮಾಡಿಸಿಕೊಳ್ಳುವ ರೂಢಿಯೇ ಇದೆ ಎಂಬುದು ಇನ್ನೊಂದು, ಹುಡುಕಿದವರಿಗೆ ಸಿಗುತ್ತದೆ. ನಮ್ಮಲ್ಲಿ ಕಡಿಮೆ ಎಂದು ಹೇಳುವ ಮೊದಲು ನಾವು ಎಣಿಸುವ ಬಗೆಯನ್ನು ನೋಡಬೇಕು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ 1982ರಿಂದ ನಗರದ ಕ್ಯಾನ್ಸರ್ ನೋಂದಣಿ ನಡೆದಿದೆ. ದೇಶದ ಹಳೆಯ ನೋಂದಣಿಗಳಲ್ಲಿ ಅದೂ ಒಂದು. ಇಂಥ ನೋಂದಣಿಗಳಲ್ಲಿ ಪ್ರತಿ ಪ್ರಕರಣಕ್ಕೆ ಎರಡು ಸಂಕೇತ ಕೊಡುತ್ತಾರೆ, ಒಂದು ಹುಟ್ಟಿದ ಜಾಗದ್ದು, ಇನ್ನೊಂದು ರೂಪದ್ದು. ಜಠರಕ್ಕೆ ಸಿ16, ಲಿವರ್‌ಗೆ ಸಿ22. ಹೆಪಟಾಯ್ಡ್ ಅಡಿನೋಕಾರ್ಸಿನೋಮಾಗೆ 8576, ಹೆಪಟೋಸೆಲ್ಯುಲಾರ್‌ಗೆ 8170. ಪೆಥಾಲಜಿ ವರದಿಯಲ್ಲಿ ಇಲ್ಲದ ಹೆಸರು ನೋಂದಣಿಗೆ ಬರಲಾರದು. ಎಂಡೋಸ್ಕೋಪಿ ಆಗದೆ ಲಿವರ್ ಕ್ಯಾನ್ಸರ್ ಎಂದು ಬರೆಸಿಕೊಂಡು ತೀರಿಹೋದವರೆಲ್ಲ ಸಿ22ರ ಲೆಕ್ಕಕ್ಕೇ ಸೇರಿರುತ್ತಾರೆ.

ನಮ್ಮ ನಾಡಿಗೆ ಸೇರಿದ ಇನ್ನೊಂದು ಅಡ್ಡಿ ‘ಗ್ಯಾಸ್ಟ್ರಿಕ್’. ಹೊಟ್ಟೆ ಉರಿ, ತೇಗು, ಎದೆಯುರಿ, ಹಸಿವಿಲ್ಲದಿರುವುದು, ಊಟ ಮಾಡಿದೊಡನೆ ಹೊಟ್ಟೆ ತುಂಬಿದಂತಾಗುವುದು ಎಲ್ಲಕ್ಕೂ ಇದೊಂದೇ ಹೆಸರು. ಔಷಧದ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಆಮ್ಲ ತಗ್ಗಿಸುವ ಮಾತ್ರೆಯೇ ಎಲ್ಲಕ್ಕೂ ಮದ್ದು. ಆ ಮಾತ್ರೆ ಕೆಟ್ಟದ್ದಲ್ಲ. ಆದರೆ ಅದು ಜಠರದ ಕ್ಯಾನ್ಸರ್‌ನ ನೋವನ್ನೂ ಕೆಲಕಾಲ ತಗ್ಗಿಸಿ ಎಂಡೋಸ್ಕೋಪಿಯನ್ನು ಮುಂದೂಡಿಸುತ್ತದೆ. ಐವತ್ತು ದಾಟಿದವರಲ್ಲಿ ಹೊಸದಾಗಿ ಶುರುವಾದ ಅಜೀರ್ಣ, ಕಾರಣವಿಲ್ಲದೆ ಇಳಿಯುವ ತೂಕ, ಗಂಡಸರಲ್ಲಿ ರಕ್ತಹೀನತೆ, ಕಬ್ಬಿಣದ ಮಾತ್ರೆ ನುಂಗದಿದ್ದರೂ ಕಪ್ಪಗೆ ಹೋಗುವ ಮಲ, ಇವುಗಳಲ್ಲಿ ಯಾವುದೊಂದು ಇದ್ದರೂ ಮಾತ್ರೆಯ ಮೊದಲು ಎಂಡೋಸ್ಕೋಪಿ ಆಗಬೇಕು.

ಲಿವರ್‌ನಲ್ಲಿ ಗಡ್ಡೆ ಕಂಡು, ಹೆಪಟೈಟಿಸ್ ಬಿ ಮತ್ತು ಸಿ ಇಲ್ಲ, ಕುಡಿತ ಇಲ್ಲ, ಸಿರೋಸಿಸ್ ಇಲ್ಲ ಎಂದಾದವರ ಮನೆಯವರು ವೈದ್ಯರನ್ನು ಒಂದು ಪ್ರಶ್ನೆ ಕೇಳಲು ಹಿಂಜರಿಯಬಾರದು: ‘ಡಾಕ್ಟ್ರೇ, ಇದು ಇಲ್ಲೇ ಹುಟ್ಟಿದ್ದಾ, ಬೇರೆ ಕಡೆಯಿಂದ ಬಂದದ್ದಾ? ಎಂಡೋಸ್ಕೋಪಿ ಮಾಡಿಸಬೇಕಾ?’ ಒಳ್ಳೆಯ ವೈದ್ಯರಿಗೆ ಈ ಪ್ರಶ್ನೆಯಿಂದ ಬೇಸರವಾಗುವುದಿಲ್ಲ. ಆಸ್ಪತ್ರೆ ಬದಲಾಯಿಸುವಾಗ ವರದಿಯ ಹಾಳೆಯಷ್ಟನ್ನೇ ಒಯ್ಯಬೇಡಿ. ಬಯಾಪ್ಸಿಯ ಸ್ಲೈಡುಗಳನ್ನೂ, ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕನ್ನೂ ಲ್ಯಾಬಿನಿಂದ ಕೇಳಿ ಪಡೆದುಕೊಳ್ಳಿ. ಎರಡನೆಯ ಪೆಥಾಲಜಿಸ್ಟ್ ಹೊಸ ಐಎಚ್‌ಸಿ ಹಾಕಿ ನೋಡಬೇಕೆಂದರೆ ಬೇಕಾಗುವುದು ಆ ಬ್ಲಾಕೇ.